ಬಚ್ಚಿಡಲು ಬಾರದವಳು

ಲೈಬ್ರರಿಯ ಮೂರನೇ ಮಹಡಿಯಲ್ಲಿ ಯಾರೋ ನಕ್ಕರು.

ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕ ನಗುವಲ್ಲ. ಗಂಟಲು ಬಿಚ್ಚಿ, ತಲೆ ಹಿಂದಕ್ಕೆ ಹಾಕಿ ನಕ್ಕ ನಗು. ಎರಡನೇ ಮಹಡಿಯ ಕೌಂಟರಿನಲ್ಲಿದ್ದ ಮೆಲ್ಲಕ್ಕ ಪೆನ್ನು ಕೆಳಗಿಟ್ಟು ಛಾವಣಿಯತ್ತ ನೋಡಿದಳು.

ಮೆಲ್ಲಕ್ಕ ಅವಳ ಹೆಸರಲ್ಲ. ದಿನವಿಡೀ "ಮೆಲ್ಲಗೆ, ಮೆಲ್ಲಗೆ" ಅನ್ನುತ್ತಾಳೆಂದು ವಿದ್ಯಾರ್ಥಿಗಳು ಇಟ್ಟದ್ದು. ಅವಳಿಗೂ ಅದು ಒಗ್ಗಿಹೋಗಿತ್ತು. ಗಂಡ ಹೋದಮೇಲೆ ಅವಳ ಬದುಕೇ ಹಾಗಾಗಿತ್ತು. ಬೆಳಿಗ್ಗೆ ಸ್ಕೂಟರ್ ಹತ್ತಿ ಹೋದವನು ಸಂಜೆ ಬರಲಿಲ್ಲ. ಅಂದಿನಿಂದ ಅವಳು ಲೋಟ ಇಡುವುದೂ ಮೆಲ್ಲಗೆ, ಬಾಗಿಲು ಹಾಕುವುದೂ ಮೆಲ್ಲಗೆ. ಅತ್ತದ್ದೂ ಕಡಿಮೆ. ಬಹಳ ಹೊತ್ತು ಮಡಚಿ ಕೂತ ಕಾಲಿನ ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು.

ಮೆಟ್ಟಿಲು ಹತ್ತಿ ಹೋದಳು. ಎರಡು ಶೆಲ್ಫ್‌ಗಳ ನಡುವೆ ನಿಂತಿದ್ದವನು ಪಾಸ್‌ವರ್ಡ್ ಸರ್.

ಪಾಸ್‌ವರ್ಡ್ ಸರ್ ಅಂದರೆ ನೆಲಮಾಳಿಗೆಯ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವ ಲೈಬ್ರರಿಯನ್. ಪಾಸ್‌ವರ್ಡ್ ಮರೆತವರೆಲ್ಲ ಅವನ ಹತ್ತಿರ ಹೋಗುತ್ತಿದ್ದರು. ಮರೆಯದವರು ಯಾರೂ ಇರಲಿಲ್ಲವಾದ್ದರಿಂದ ಇಡೀ ಯೂನಿವರ್ಸಿಟಿಯೇ ಅವನ ಹತ್ತಿರ ಹೋಗುತ್ತಿತ್ತು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ "ಪಾಸ್‌ವರ್ಡ್ ನೆನಪಾಗ್ತಿಲ್ಲ" ಅನ್ನುತ್ತಿದ್ದ.

ಅವನ ಪಕ್ಕದಲ್ಲಿ, ಇನ್ನೂ ನಗು ಮುಗಿಯದೆ ಶೆಲ್ಫ್ ಹಿಡಿದುಕೊಂಡು ನಿಂತಿದ್ದವಳು ಭೂಗೋಳ ವಿಭಾಗಕ್ಕೆ ಹೊಸದಾಗಿ ಬಂದ ಲೆಕ್ಚರರ್. ಎತ್ತರದ ಹೆಂಗಸು. ಕಿವಿಯಲ್ಲಿ ನೀಲಿ ಓಲೆ. ನಕ್ಕಾಗ ಅವೂ ನಗುತ್ತಿದ್ದವು.

ಮೆಲ್ಲಕ್ಕನನ್ನು ಕಂಡದ್ದೇ ಅವನು ಕೈಯಲ್ಲಿದ್ದ ಹಸಿರು ರಟ್ಟಿನ ಪುಸ್ತಕವನ್ನು ಬೆನ್ನ ಹಿಂದೆ ಅಡಗಿಸಿದ.

"ಅಯ್ಯೋ ಮೇಡಂ! ನೀವು ಬರಬಾರದಿತ್ತು."

"ಸದ್ದು ಕೆಳಗಿನವರೆಗೂ ಕೇಳಿಸ್ತು."

"ತಪ್ಪು ನಂದು," ಎಂದಳು ಭೂಗೋಳದ ಮೇಡಂ. "ಈ ಪಾಸು ನಗಿಸಿಬಿಟ್ಟರು."

ಪಾಸು! ತಾನು ಇಷ್ಟು ವರ್ಷ ಅವನನ್ನು ಸರ್ ಎಂದೇ ಕರೆದದ್ದು. ಈಕೆ ಬಂದು ಇನ್ನೂ ಒಂದು ಸೆಮಿಸ್ಟರ್ ಕಳೆದಿಲ್ಲ, ಅವನನ್ನು ಅರ್ಧಕ್ಕೆ ಕತ್ತರಿಸಿ ಕೈಗೆತ್ತಿಕೊಂಡಿದ್ದಾಳೆ.

"ಬೆನ್ನ ಹಿಂದೆ ಏನು?" ಎಂದಳು, ಗೊತ್ತಿದ್ದೂ.

"ನಾಳೆ ಕ್ಲಾಸಿನ ಪುಸ್ತಕ. ಈ ಸಲ ನಾವಿಬ್ಬರೇ ಬಚ್ಚಿಡ್ತೀವಿ. ನೀವು ಹುಡುಗರ ಜೊತೆ ಹುಡುಕ್ಬೇಕು." ಅವನು ಮಕ್ಕಳ ಹಾಗೆ ಹುಬ್ಬು ಹಾರಿಸಿದ. "ಇಣುಕಿ ನೋಡಬಾರದು. ಹೋಗಿ ಹೋಗಿ."

"ಬೇಜಾರಾಯ್ತಾ ಮೇಡಂ?" ಭೂಗೋಳ ಕೇಳಿತು.

"ಬೇಜಾರು ಯಾಕೆ? ಮೆಲ್ಲಗೆ ನಗಿ, ಅಷ್ಟೇ."

ಮೆಟ್ಟಿಲು ಇಳಿಯುವಾಗ ಅವಳ ಕಿವಿಯಲ್ಲಿ ಉಳಿದದ್ದು ನಗುವಲ್ಲ. ನಾವಿಬ್ಬರೇ ಅನ್ನುವ ಮಾತು.

*

ಪ್ರತಿ ವರ್ಷ ಹೊಸದಾಗಿ ಎಂ.ಎ., ಎಂ.ಎಸ್ಸಿ. ಸೇರಿದವರಿಗೆ ಲೈಬ್ರರಿಯಲ್ಲಿ ಸಂಶೋಧನೆ ಮಾಡುವುದು ಹೇಗೆಂದು ಮೆಲ್ಲಕ್ಕ ಮತ್ತು ಪಾಸ್‌ವರ್ಡ್ ಸರ್ ಸೇರಿ ಪಾಠ ಮಾಡುತ್ತಿದ್ದರು. ಪ್ರಶ್ನೆಯನ್ನು ಪದಗಳಾಗಿ ಒಡೆಯುವುದು, ಯಾವ ಪದ ಹಾಕಿದರೆ ಕಂಪ್ಯೂಟರ್ ಬಾಯಿ ಬಿಡುತ್ತದೆ, ಬರೆದವನು ಯಾರು, ಅವನು ಯಾರ ಮಾತು ನಂಬಿ ಬರೆದ, ಇವೆಲ್ಲ ಅವನ ಪಾಲು. ಪುಸ್ತಕದ ಬೆನ್ನ ಮೇಲಿನ ನಂಬರು, ಶೆಲ್ಫಿನ ಸಾಲು, ಪುಸ್ತಕದ ಹಿಂದಿನ ಪುಟಗಳಿಂದ ಇನ್ನೊಂದು ಪುಸ್ತಕಕ್ಕೆ ದಾರಿ ಹಿಡಿಯುವುದು, ಇವು ಅವಳ ಪಾಲು.

ಕೊನೆಯ ದಿನದ ಪಾಠ ಇಬ್ಬರದೂ. ಕಂಪ್ಯೂಟರ್ ನೋಡಿದರೆ ಪುಸ್ತಕ ಶೆಲ್ಫಿನಲ್ಲಿದೆ ಅನ್ನುತ್ತದೆ, ಶೆಲ್ಫ್ ನೋಡಿದರೆ ಇಲ್ಲ. ಆಗ ಏನು ಮಾಡುವುದು? "ಪುಸ್ತಕಕ್ಕೆ ಕಾಲಿಲ್ಲ," ಎನ್ನುತ್ತಿದ್ದಳು ಮೆಲ್ಲಕ್ಕ. "ಯಾರೋ ಎತ್ತಿಕೊಂಡು ಹೋಗಿರ್ತಾರೆ. ಪುಸ್ತಕ ಹುಡುಕಬೇಡಿ, ಆ ಮನುಷ್ಯನ್ನ ಹುಡುಕಿ. ಅವಸರದಲ್ಲಿದ್ದನಾ? ಸೋಮಾರಿನಾ? ಪರೀಕ್ಷೆಗೆ ಬೇಕು ಅಂತ ಬೇರೆಯವರಿಗೆ ಸಿಗದ ಹಾಗೆ ಮುಚ್ಚಿಟ್ಟನಾ? ಎಲ್ಲಿ ಕೂತು ಓದಿದ? ಜನ ಕೂತಲ್ಲೇ ಬಿಟ್ಟು ಹೋಗ್ತಾರೆ."

ಅದಕ್ಕಾಗಿ ಹಿಂದಿನ ದಿನ ಮಧ್ಯಾಹ್ನ ಇಬ್ಬರೂ ಒಂದು ಪುಸ್ತಕ ಆರಿಸಿ, ಮಹಡಿಯಿಂದ ಮಹಡಿಗೆ ಹೊತ್ತುಕೊಂಡು ಓಡಾಡುತ್ತಿದ್ದರು. ಎಲ್ಲಿ ಬಚ್ಚಿಡುವುದೆಂದು ಪಿಸುಮಾತಿನಲ್ಲೇ ಜಗಳ. ಒಂದು ವರ್ಷ ಜೇನುಹುಳದ ಪುಸ್ತಕ. ಇನ್ನೊಂದು ವರ್ಷ ಗಾಜು ತಯಾರಿಸುವುದರ ಬಗ್ಗೆ. ಆಮೇಲೆ ಒಂದು ಕಾಫಿ. ಮತ್ತೆ ಅವನು ನೆಲಮಾಳಿಗೆಗೆ, ಅವಳು ಎರಡನೇ ಮಹಡಿಗೆ. ಉಳಿದ ವರ್ಷವೆಲ್ಲ ಇಬ್ಬರಿಗೂ ಲಿಫ್ಟಿನಲ್ಲಿ ಒಂದು ನಮಸ್ಕಾರ.

ಆ ಮಧ್ಯಾಹ್ನಕ್ಕಾಗಿ ತಾನು ಕಾಯುತ್ತಿದ್ದೆನೆಂದು ಅವಳಿಗೆ ಗೊತ್ತಾದದ್ದು ಇಂದು, ಅದು ಕೈತಪ್ಪಿದ ಮೇಲೆ.

*

"ಲೋಟ ಏನು ಪಾಪ ಮಾಡಿತ್ತು?" ಅತ್ತೆ ಕೇಳಿದರು.

ಮಗ ಹೋದಮೇಲೂ ಅತ್ತೆ ಸೊಸೆ ಒಂದೇ ಮನೆಯಲ್ಲಿದ್ದರು. ಯಾರು ಯಾರನ್ನು ನೋಡಿಕೊಳ್ಳುತ್ತಿದ್ದಾರೆ ಎಂಬುದು ಇತ್ಯರ್ಥವಾಗಿರಲಿಲ್ಲ.

"ಜಾರ್ತು ಅತ್ತೆ."

"ಜಾರಿದ ಸದ್ದು ನಂಗೆ ಗೊತ್ತಿಲ್ವಾ? ಅದು ಕುಕ್ಕಿದ ಸದ್ದು. ಈ ಮನೇಲಿ ಒಂದು ಸದ್ದು ಕೇಳಿ ಎಷ್ಟು ಕಾಲ ಆಗಿತ್ತು. ಯಾರ ಮೇಲೆ?"

"ಯಾರ ಮೇಲೂ ಇಲ್ಲ. ನಾಳೆ ಕ್ಲಾಸಿದೆ. ಆ ಕಂಪ್ಯೂಟರ್ ಸರ್ ನನ್ನ ಬಿಟ್ಟು ಪುಸ್ತಕ ಬಚ್ಚಿಟ್ಟಿದ್ದಾರೆ. ಯಾರೋ ಭೂಗೋಳದವರ ಜೊತೆ."

ಅತ್ತೆ ಟಿ.ವಿ. ಸದ್ದು ಕಡಿಮೆ ಮಾಡಿದರು. ಅದು ದೊಡ್ಡ ಸಂಗತಿ.

"ಯಾರೋ ಅಂದ್ಯಲ್ಲ. ನೋಡೋಕೆ ಹೆಂಗಿದ್ದಾಳೆ?"

"ನಾನು ಯಾಕೆ ನೋಡಲಿ? ಎತ್ತರ ಇದ್ದಾಳೆ. ನೀಲಿ ಓಲೆ. ಎಡಗೆನ್ನೇಲಿ ಗುಳಿ ಬೀಳುತ್ತೆ. ನಗುವಾಗ ಪಕ್ಕದಲ್ಲಿರೋರ ತೋಳು ಮುಟ್ಟೋ ಅಭ್ಯಾಸ."

"ನೋಡೇ ಇಲ್ಲ ಬಿಡು," ಎಂದರು ಅತ್ತೆ.

ಮೆಲ್ಲಕ್ಕ ಸಿಂಕಿನ ಕಡೆ ತಿರುಗಿಕೊಂಡಳು. ಕಿವಿ ಬಿಸಿಯಾಗಿತ್ತು.

"ನನ್ನ ಮಗನ ಆಫೀಸಿನ ಟೈಪಿಸ್ಟ್ ಮೇಲೆ ಹೀಗೇ ಉರಿತಿದ್ದೆ ನೀನು. ನೆನಪಿದ್ಯಾ? ಅವಳಿಗೆ ಅರುವತ್ತು ವರ್ಷ ಅಂತ ಗೊತ್ತಾಗೋವರೆಗೂ ಅವನಿಗೆ ಊಟ ರುಚಿಯಾಗಿರಲಿಲ್ಲ."

ನೆನಪಿತ್ತು. ನೆನಪಾದಾಗ ಮೊದಲ ಸಲ ನಗುವೂ ಬಂತು, ಅದರ ಬೆನ್ನಿಗೇ ಕಣ್ಣಲ್ಲಿ ನೀರೂ.

"ಜೋಮು ಬಿಡುವಾಗ ಮುಳ್ಳು ಚುಚ್ಚಿದ ಹಾಗೇ ಆಗೋದು ಮಗಳೇ," ಅತ್ತೆ ಎದ್ದು ಬಂದು ಅವಳ ಕೈಯಿಂದ ಲೋಟ ತೆಗೆದುಕೊಂಡರು. "ಉಜ್ಜಬಾರದು. ಸುಮ್ಮನೆ ನಡೀಬೇಕು. ಆ ಸರ್‌ನ ಒಂದಿನ ಮನೆಗೆ ಕರಿ. ಎಂಥೋನು ಅಂತ ನಾನೂ ನೋಡ್ತೀನಿ."

"ಅತ್ತೆ! ಅಂಥದ್ದೇನೂ ಇಲ್ಲ."

"ನಾನೂ ಅಂಥದ್ದೇನೂ ಹೇಳ್ಲಿಲ್ಲ."

*

ಮರುದಿನ ಬಾಗಿಲು ತೆಗೆಯುವ ಹೊತ್ತಿಗೇ ಅವಳು ಮೂರನೇ ಮಹಡಿಯಲ್ಲಿದ್ದಳು. ಇಣುಕಬಾರದೆಂದು ಅವನು ಹೇಳಿದ್ದ. ಇಣುಕುವುದಿಲ್ಲ, ಹುಡುಕುತ್ತೇನೆ ಎಂದುಕೊಂಡಳು. ಹುಡುಕಿ ಏನು ಮಾಡುವುದೆಂದು ಯೋಚಿಸಿರಲಿಲ್ಲ.

ಆ ಮಹಡಿಯಲ್ಲಿ ಕಿಟಕಿ ಕಡಿಮೆ. ಪ್ರತಿ ಸಾಲಿನ ತುದಿಯಲ್ಲೂ ಒಂದು ಟೈಮರ್ ಸ್ವಿಚ್. ತಿರುಗಿಸಿದರೆ ಆ ಸಾಲಿಗೆ ದೀಪ ಹತ್ತುತ್ತದೆ, ಸ್ವಲ್ಪ ಹೊತ್ತು ಕಿರ್ ಎಂದು ಓಡಿ ತಾನೇ ಆರುತ್ತದೆ. ಓದುತ್ತಾ ಮೈಮರೆತವರು ಆಗಾಗ ಕತ್ತಲಲ್ಲಿ ಬೀಳುತ್ತಿದ್ದರು.

ಸಾಲು ಸಾಲಾಗಿ ದೀಪ ಹಚ್ಚುತ್ತಾ ಹೋದಳು. ಪುಸ್ತಕ ಹುಡುಕಬೇಡಿ, ಮನುಷ್ಯನನ್ನು ಹುಡುಕಿ. ಸರಿ, ಮನುಷ್ಯ. ಎಡಗೈಯವನು, ಆದ್ದರಿಂದ ಎಡಕ್ಕೆ ಇಡುತ್ತಾನೆ. ದಪ್ಪ ಪುಸ್ತಕಗಳ ಹಿಂದೆ ಇಡುವುದು ಅವನಿಗೆ ಇಷ್ಟ. ಆದರೆ ಈಗ ಅವನು ಒಬ್ಬನೇ ಅಲ್ಲವಲ್ಲ. ಆಕೆ ತೋಳು ಮುಟ್ಟಿ "ಇಲ್ಲಿ ಪಾಸು" ಅಂದಿರುತ್ತಾಳೆ, ಇವನು ಬಲಕ್ಕೇ ಇಟ್ಟಿರುತ್ತಾನೆ. ಅವನು ಅಡಗಿಸುವ ಮೊದಲೇ ರಟ್ಟಿನ ಮೇಲಿನ ಹೆಸರು ಕಂಡಿತ್ತು. ಅಷ್ಟಕ್ಕೂ ಆರಿಸಿದ್ದು ಎಂಥ ಪುಸ್ತಕ? ಮಣ್ಣಿನ ಸವಕಳಿ! ಅದನ್ನು ಹಿಡಿದುಕೊಂಡು ಹಾಗೆ ನಗುವುದಕ್ಕೆ ಏನಿದೆ? ಮಣ್ಣು!

ಎಲ್ಲೂ ಸಿಗಲಿಲ್ಲ. ಕಾಲು ಸೋತು, ಯೋಚಿಸದೆಯೇ ಕಟ್ಟಕಡೆಯ ಸಾಲಿನ ತುದಿಗೆ ಹೋಗಿ, ಮೇಲಿನ ಹಲಗೆಗೆ ಹತ್ತುವ ಪುಟ್ಟ ಸ್ಟೂಲಿನ ಮೇಲೆ ಕುಕ್ಕರಿಸಿದಳು.

ಅದು ಹಳೆಯ ರೈಲ್ವೆ ವರದಿಗಳ ಸಾಲು. ಯಾರೂ ಬರುವುದಿಲ್ಲ. ಗಂಡ ತೀರಿಕೊಂಡ ವರ್ಷ ಊಟದ ಹೊತ್ತಿಗೆ ಅವಳು ಬಂದು ಕೂರುತ್ತಿದ್ದ ಜಾಗ. ದೀಪವನ್ನೂ ಹಚ್ಚುತ್ತಿರಲಿಲ್ಲ. ಯಾರೋ ಆ ಕಡೆ ಹಾದುಹೋಗುವವರು ಸ್ವಿಚ್ ತಿರುಗಿಸಿ ಹೋಗುತ್ತಿದ್ದರು. ದೀಪ ಹತ್ತುತ್ತಿತ್ತು, ಅವಳು ಎದ್ದು ಮುಖ ತೊಳೆದು ಕೆಲಸಕ್ಕೆ ಹೋಗುತ್ತಿದ್ದಳು. ಆಮೇಲೆ ಅಲ್ಲಿಗೆ ಬರುವುದೇ ನಿಂತಿತ್ತು.

ಸ್ಟೂಲಿನ ಪಕ್ಕ ಕೈ ಊರಿದಳು. ಕೆಳಗಿನ ಹಲಗೆಯಲ್ಲಿ, ಸರಿಯಾಗಿ ಅವಳ ಕೈ ಬೀಳುವಲ್ಲಿ, ಹಸಿರು ರಟ್ಟು.

ಕೈ ಹಿಂದಕ್ಕೆಳೆದುಕೊಂಡಳು.

ನನ್ನ ಜಾಗ. ಯಾರಿಗೂ ತೋರಿಸದ ಜಾಗ. ಅಲ್ಲಿಗೂ ಆಕೆಯನ್ನು ಕರೆದುಕೊಂಡು ಬಂದಿದ್ದಾನೆ. ಇಲ್ಲೇ ನಿಂತು ನಕ್ಕಿದ್ದಾರೆ.

ಪುಸ್ತಕ ಎತ್ತಿಕೊಂಡು ಎದ್ದಳು. ಇವರಿಗೆ ಬುದ್ಧಿ ಕಲಿಸಬೇಕು. ಎಲ್ಲಾದರೂ ತುರುಕಿಬಿಡುತ್ತೇನೆ, ವರ್ಷಗಟ್ಟಲೆ ಸಿಗಬಾರದು. ಆಕೆಯ ಮುಂದೆ ಅವನು ಪೆಚ್ಚಾಗಿ ನಿಲ್ಲಬೇಕು. ಮೊದಲು ರಸಾಯನಶಾಸ್ತ್ರದ ನಡುವೆ ಇಟ್ಟಳು. ಎರಡು ಹೆಜ್ಜೆ ನಡೆದು ವಾಪಸ್ ಬಂದು ತೆಗೆದಳು. ಅಲ್ಲಿ ಅದು ಅನಾಥವಾಗಿ ಕಾಣುತ್ತಿತ್ತು. ಸಂಗೀತದ ಶೆಲ್ಫಿನ ಹಿಂದೆ ಬೀಳಿಸಲು ಹೋದಳು. ರಟ್ಟು ಮುರಿಯುತ್ತದೆಂದು ಕೈ ಹಿಂದೆ ಬಂತು. ನಿಘಂಟುಗಳ ಹತ್ತಿರ ಹೋದಳು. ನಾಳೆ ಯಾವುದೋ ಹುಡುಗಿಗೆ ಪ್ರಬಂಧಕ್ಕೆ ಬೇಕಾದರೆ? ಕಂಪ್ಯೂಟರ್ ಇದೆ ಅನ್ನುತ್ತದೆ, ಪಾಪ ಆ ಹುಡುಗಿ ಅಲೆಯುತ್ತಾಳೆ.

ಕೊನೆಗೆ, ಹಲ್ಲು ಕಚ್ಚಿಕೊಂಡು, ಎರಡನೇ ಮಹಡಿಗೆ ಇಳಿದು, ಭೂವಿಜ್ಞಾನದ ಸಾಲಿಗೆ ಹೋಗಿ, ಅದರ ನಂಬರಿನ ಜಾಗದಲ್ಲೇ ಪುಸ್ತಕವನ್ನು ನೆಟ್ಟಗೆ ನಿಲ್ಲಿಸಿದಳು. ಅಕ್ಕಪಕ್ಕದವನ್ನು ಸರಿಸಿ ಸಮ ಮಾಡಿದಳು.

ಸಿಟ್ಟಿಗೆ ಇಷ್ಟೇ ಕೈಲಾಯಿತೇ ಎಂದು ಅವಳಿಗೇ ನಾಚಿಕೆಯಾಯಿತು. ಆದರೆ ಸಾಕು. ಪುಸ್ತಕ ಅಲ್ಲಿಲ್ಲವೆಂದು ಅವನೇ ತರಗತಿಗೆ ಹೇಳುತ್ತಾನೆ. ಅಲ್ಲಿ ಯಾರೂ ಹುಡುಕುವುದಿಲ್ಲ.

*

ಮಧ್ಯಾಹ್ನ ವಿದ್ಯಾರ್ಥಿಗಳೆಲ್ಲ ಎರಡನೇ ಮಹಡಿಯಲ್ಲಿ ಸೇರಿದರು. ಅವರ ಹಿಂದೆ, ಕೈ ಕಟ್ಟಿಕೊಂಡು, ಡೀನ್.

"ಇವರ್ಯಾಕೆ?" ಮೆಲ್ಲಕ್ಕ ಪಿಸುಗುಟ್ಟಿದಳು.

ಪಾಸ್‌ವರ್ಡ್ ಸರ್ ಅವಳ ಕಿವಿಯ ಹತ್ತಿರ ಬಗ್ಗಿದ. ಅವನ ಉಸಿರು ತಾಗಿತು. ಸಿಟ್ಟಿನಲ್ಲಿದ್ದುದರಿಂದ ಅವಳು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸ್ವಲ್ಪ ತೆಗೆದುಕೊಂಡಳು.

"ಮುಂದಿನ ವರ್ಷದಿಂದ ಈ ಕ್ಲಾಸ್ ಬೇಡ ಅಂತಿದ್ದಾರೆ. ಫೋನಲ್ಲೇ ಎಲ್ಲ ಸಿಗುತ್ತಂತೆ. ನಾನೇ ಒಂದ್ಸಲ ಬಂದು ನೋಡಿ ಅಂದೆ. ನೋಡಿದ್ರೆ ಮನಸ್ಸು ಬದಲಾಗುತ್ತೆ, ಅಲ್ವಾ?"

ಈ ತರಗತಿ ಹೋದರೆ ಆ ಮಧ್ಯಾಹ್ನವೂ ಇಲ್ಲ, ಕಾಫಿಯೂ ಇಲ್ಲ. ಲಿಫ್ಟಿನ ನಮಸ್ಕಾರ ಮಾತ್ರ. ಅದನ್ನೂ ಭೂಗೋಳದ ಮೇಡಂ ಜೊತೆ ಹಂಚಿಕೊಳ್ಳಬೇಕು.

"ಒಂದ್ನಿಮಿಷ ಬಂದೆ," ಎಂದು ಭೂವಿಜ್ಞಾನದ ಸಾಲಿನ ಕಡೆ ಹೊರಟಳು. ಡೀನ್ ಆ ಸಾಲಿನ ಬಾಯಿಗೇ ಹೋಗಿ, ಶೆಲ್ಫಿಗೆ ಒರಗಿ ನಿಂತರು. "ಶುರು ಮಾಡಿ ಮೇಡಂ, ನಾನು ಇಲ್ಲೇ ಇರ್ತೀನಿ."

ಪಾಸ್‌ವರ್ಡ್ ಸರ್ ಶುರು ಮಾಡಿದ. "ಮಣ್ಣಿನ ಸವಕಳಿ ಅನ್ನೋ ಪುಸ್ತಕ. ಕಂಪ್ಯೂಟರ್ ಏನನ್ನುತ್ತೆ?"

"ಶೆಲ್ಫಲ್ಲಿದೆ ಅನ್ನುತ್ತೆ ಸರ್!"

"ಶೆಲ್ಫಲ್ಲಿಲ್ಲ. ಗ್ಯಾರಂಟಿ. ಈಗ ಏನ್ಮಾಡ್ತೀರಿ?"

ಈ ಜಾಗದಲ್ಲಿ ಮೆಲ್ಲಕ್ಕ ಹೇಳಬೇಕಿತ್ತು, ಪುಸ್ತಕಕ್ಕೆ ಕಾಲಿಲ್ಲ ಎಂದು. ಅವಳ ಕಣ್ಣು ಡೀನ್ ಒರಗಿದ್ದ ಶೆಲ್ಫಿನ ಮೇಲೇ ಇತ್ತು. ಅವಳ ಮಾತನ್ನು ಭೂಗೋಳದ ಮೇಡಂ ಎತ್ತಿಕೊಂಡಳು. "ತಗೊಂಡೋರ ಥರ ಯೋಚನೆ ಮಾಡ್ಬೇಕು. ಅಲ್ವಾ ಪಾಸು?" ವಿದ್ಯಾರ್ಥಿಗಳು ಪಾಸು ಎಂದು ಕೇಳಿ ಕಿಸಕ್ಕೆಂದರು.

ಎಲ್ಲರೂ ಚದುರಿದರು. ಟ್ರಾಲಿ ನೋಡಿದರು, ಜೆರಾಕ್ಸ್ ಮೆಷಿನ್ನಿನ ಹಿಂದೆ ನೋಡಿದರು, ಅದಲುಬದಲಾದ ನಂಬರುಗಳಲ್ಲಿ ನೋಡಿದರು, ಹಸಿರು ರಟ್ಟಿನದೆಲ್ಲ ಎಳೆದು ನೋಡಿದರು. ಕಿಟಕಿ ಪಕ್ಕದ ಕುರ್ಚಿ, ಮೆಟ್ಟಿಲ ಕೆಳಗಿನ ಬೆಂಚು, ಜನ ಕೂರುವ ಜಾಗವನ್ನೆಲ್ಲ ತಡಕಾಡಿದರು. ಕಡೆಗೆ ಪ್ರಶ್ನೆ ಕೇಳಿ ಕೇಳಿ ಎಲ್ಲರ ತಲೆ ತಿನ್ನುವ ಒಬ್ಬ ಹುಡುಗಿ ಕೂಗಿದಳು, "ಮೂರನೇ ಮಹಡೀಲಿ ಒಂದು ಸ್ಟೂಲ್ ಇದೆ! ಅಲ್ಲೂ ಯಾರಾದ್ರೂ ಕೂರಬಹುದಲ್ವಾ?"

ಪಾಸ್‌ವರ್ಡ್ ಸರ್ ಮುಖ ಅರಳಿತು. ಎಲ್ಲರನ್ನೂ ಹಿಂದಿಟ್ಟುಕೊಂಡು ಮೇಲೆ ಹೋದ. ಸ್ವಿಚ್ ತಿರುಗಿಸಿ, ಬಗ್ಗಿ ನೋಡಿದ. ಮುಖ ಬಾಡಿತು.

"ಇಲ್ಲೇ ಇಟ್ಟಿದ್ವಲ್ಲ," ಎಂದಳು ಭೂಗೋಳದ ಮೇಡಂ ಮೆಲ್ಲಗೆ. ಜೀವನದಲ್ಲಿ ಮೊದಲ ಸಲ ಮೆಲ್ಲಗೆ.

ಡೀನ್ ಮೆಟ್ಟಿಲ ತುದಿಯಿಂದಲೇ ಹೇಳಿದರು. "ಬಚ್ಚಿಟ್ಟೋರಿಗೇ ಸಿಗ್ತಿಲ್ಲ ಅಂದ್ಮೇಲೆ, ಈ ಪಾಠ ಹುಡುಗರಿಗೆ ಯಾಕೆ ಹೇಳಿ?"

ಯಾರೂ ನಗಲಿಲ್ಲ. ಅವನು ಪೆಚ್ಚಾಗಿ ನಿಂತಿದ್ದ, ಅವಳು ಬಯಸಿದ ಹಾಗೆಯೇ, ಆಕೆಯ ಮುಂದೆಯೇ. ಬೆಳಿಗ್ಗೆಯಿಂದ ಉರಿಯುತ್ತಿದ್ದ ಹೊಟ್ಟೆಗೆ ಈಗ ತಂಪಾಗಬೇಕಿತ್ತು. ಬದಲಿಗೆ ಅವಳಿಗೆ ಅಳು ಬಂತು.

"ಸರ್," ಎಂದಳು. "ನಾನು..."

ಅವನು ತಲೆಯೆತ್ತಿ ಅವಳನ್ನು ನೋಡಿದ.

ಮೊದಲು ಅವಳ ಮುಖ. ಆಮೇಲೆ ಸ್ಟೂಲಿನ ಪಕ್ಕದ ಹಲಗೆ. ಅಲ್ಲಿದ್ದ ರೈಲ್ವೆ ವರದಿಗಳು ನಿನ್ನೆ ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಇಂದು ಡ್ರಿಲ್ಲಿಗೆ ನಿಂತ ಹಾಗೆ ನೆಟ್ಟಗೆ ನಿಂತಿದ್ದವು. ಮತ್ತೆ ಅವಳ ಮುಖ. ಅವನ ತುಟಿಯ ಒಂದು ಮೂಲೆ ಮೇಲೆ ಹೋಯಿತು. ಅವಳು ಕಣ್ಣು ತಪ್ಪಿಸಿದಳು. ಅವನು ಬಿಡಲಿಲ್ಲ.

"ತಡೀರಿ ಮೇಡಂ, ಪಾಠ ಮುಗಿದಿಲ್ಲ." ದನಿಯೇ ಬದಲಾಗಿತ್ತು. "ಪುಸ್ತಕ ಇಲ್ಲಿತ್ತು, ಯಾರೋ ತಗೊಂಡಿದ್ದಾರೆ. ಯಾರಿರಬಹುದು? ಸುತ್ತ ನೋಡಿ ಹೇಳಿ."

"ಕಳ್ಳರು ಸರ್!"

"ಕಳ್ಳರು ಪಕ್ಕದ ಪುಸ್ತಕಗಳನ್ನ ನೆಟ್ಟಗೆ ನಿಲ್ಲಿಸಿ ಹೋಗ್ತಾರಾ? ಧೂಳು ಬೇರೆ ಒರೆಸಿದ್ದಾರೆ."

ಧೂಳು ಒರೆಸಿದ್ದು ಅವಳಿಗೆ ನೆನಪೇ ಇರಲಿಲ್ಲ.

"ಹಂಗಾದ್ರೆ ಪುಸ್ತಕ ಅಂದ್ರೆ ಪ್ರೀತಿ ಇರೋರು," ಪ್ರಶ್ನೆಯ ಹುಡುಗಿ ಅಂದಳು.

"ಶಾಭಾಶ್. ಆದ್ರೆ ನನ್ನ ಮೇಲೆ ಸಿಟ್ಟು ಇರೋರು. ಚೆನ್ನಾಗಿ ಬೈಸಿಕೊಳ್ಳಲಿ ಇವನು ಅಂತ ತಗೊಂಡಿದ್ದಾರೆ. ಸಿಟ್ಟಲ್ಲಿ ಎಲ್ಲಾದ್ರೂ ಬಿಸಾಕ್ಬೇಕು ಅಂತ ಹೊರಟಿದ್ದಾರೆ. ಆದ್ರೆ ನನಗೆ ಗೊತ್ತು," ಅವನ ಕಣ್ಣು ವಿದ್ಯಾರ್ಥಿಗಳ ಮೇಲಿರಲಿಲ್ಲ, "ಅವರ ಕೈಗೆ ಪುಸ್ತಕವನ್ನ ತಪ್ಪು ಜಾಗದಲ್ಲಿಡೋಕೆ ಬರಲ್ಲ. ಎಷ್ಟೇ ಹೊಟ್ಟೆ ಉರಿದರೂ ಬರಲ್ಲ. ಈಗ ಹೇಳಿ, ಎಲ್ಲಿರುತ್ತೆ?"

ಟೈಮರ್ ಮಾತ್ರ ಕಿರ್ ಅನ್ನುತ್ತಿತ್ತು.

"ಸರಿಯಾದ ಜಾಗದಲ್ಲಾ?" ಹುಡುಗಿ ಕಣ್ಣರಳಿಸಿದಳು. "ಆದ್ರೆ ಸರ್, ಅಲ್ಲಿಲ್ಲ ಅಂತ ನೀವೇ ಗ್ಯಾರಂಟಿ ಕೊಟ್ರಿ!"

"ನಾನು ಹೇಳ್ದೆ. ನೀವ್ಯಾರಾದ್ರೂ ಹೋಗಿ ನೋಡಿದ್ರಾ?"

ಮೆಟ್ಟಿಲ ಮೇಲೆ ಕಾಲುಗಳ ಸುರಿಮಳೆ. ಕೆಳಗಿನಿಂದ ಒಂದು ಕೇಕೆ ಬಂತು. ಡೀನ್ ಅಷ್ಟು ಹೊತ್ತು ಒರಗಿ ನಿಂತಿದ್ದ ಶೆಲ್ಫಿನಲ್ಲೇ, ಅವರ ಭುಜ ತಾಗುವ ಹಾಗೆ, ಹಸಿರು ಪುಸ್ತಕ ಕೂತಿತ್ತು.

ಡೀನ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೇಷ್ಟರ ಮಾತನ್ನೂ ಹೋಗಿ ನೋಡಿಯೇ ನಂಬಬೇಕು ಅಂತ ಕಲಿಸಿಬಿಟ್ರಲ್ಲ! ಇದು ಫೋನಲ್ಲಿ ಬರಲ್ಲ ಬಿಡಿ. ಭಾರಿ ಪ್ಲಾನ್."

"ಪ್ಲಾನ್ ಅಲ್ಲ ಸರ್," ಮೆಲ್ಲಕ್ಕ ಮುಂದೆ ಬಂದಳು. "ನಿಜವಾಗ್ಲೂ ಸಿಟ್ಟಲ್ಲಿ ನಾನೇ ತೆಗೆದಿದ್ದು."

"ಎಷ್ಟು ಚೆನ್ನಾಗಿ ಆ್ಯಕ್ಟಿಂಗ್ ಮಾಡ್ತಾರೆ ನೋಡಿ," ಎಂದು ಡೀನ್ ವಿದ್ಯಾರ್ಥಿಗಳಿಗೆ ಹೇಳಿ, ಮುಂದಿನ ವರ್ಷ ತಮ್ಮ ವಿಭಾಗದವರನ್ನೂ ಕಳಿಸುವುದಾಗಿ ಹೇಳುತ್ತಾ ಲಿಫ್ಟ್ ಹತ್ತಿದರು.

*

ಎಲ್ಲ ಹೋದಮೇಲೆ ಭೂಗೋಳದ ಮೇಡಂ ಕೌಂಟರಿನ ಹತ್ತಿರ ಬಂದಳು. ಕೈಯಲ್ಲಿ ಮಣ್ಣಿನ ಸವಕಳಿ.

"ಇದನ್ನ ನನ್ನ ಹೆಸರಿಗೆ ಬರ್ಕೊಳಿ. ಇಷ್ಟು ರಾಮಾಯಣ ಆದ್ಮೇಲೆ ಓದದೆ ಇರೋಕಾಗಲ್ಲ."

ಮೆಲ್ಲಕ್ಕ ಸೀಲು ಒತ್ತಿದಳು. ಮೆಲ್ಲಗೆ.

"ಒಂದು ಮಾತು ಹೇಳ್ಲಾ ಮೇಡಂ? ನಾನೂ ಅರ್ಜಿ ಹಾಕೋಣ ಅಂತಿದ್ದೆ. ಒಳ್ಳೆ ಮನುಷ್ಯ, ನಗಿಸ್ತಾರೆ. ಆದ್ರೆ ನಿನ್ನೆ ಪೂರ್ತಿ ಒಂದೇ ಹಾಡು. 'ಮೇಡಂ ಹೋದ ವರ್ಷ ಹೇಳಿದ್ರು, ಒಂದ್ಸಲನಾದ್ರೂ ನಾನೂ ಹುಡುಕ್ಬೇಕು ಅಂತ ಆಸೆ ಅಂತ. ಅವರಿಗೋಸ್ಕರ ಬಚ್ಚಿಡ್ಬೇಕು, ಅವರಿಗೆ ಮಾತ್ರ ಸಿಗೋ ಹಾಗೆ.' ಹುಡುಗರ ಗತಿ ಏನು ಅಂದೆ. ಆಮೇಲೆ ಸುಳಿವು ಕೊಡ್ತೀನಿ ಅಂದ್ರು. ಅದಕ್ಕೇ ನಾನು ನಕ್ಕಿದ್ದು. ನೀವು ಮೇಲೆ ಬಂದಿದ್ದು ಆಗಲೇ." ಆಕೆ ಪುಸ್ತಕ ಬಗಲಲ್ಲಿಟ್ಟುಕೊಂಡಳು. ನೀಲಿ ಓಲೆಗಳು ಒಂದು ಕ್ಷಣ ಅಲುಗಾಡದೆ ನಿಂತವು. "ಸೀಟು ಭರ್ತಿ ಆಗಿದೆ ಅಂತ ಬೋರ್ಡಾದ್ರೂ ಹಾಕಬಾರದಾ ನೀವು?"

ಉತ್ತರಕ್ಕೆ ಕಾಯದೆ ಹೊರಟುಹೋದಳು. ಹೋಗುವಾಗ ನಗಲಿಲ್ಲ. ಎಂದೂ ಇಲ್ಲದ ಒಂದು ಪ್ರೀತಿ ಮೆಲ್ಲಕ್ಕನಿಗೆ ಆಕೆಯ ಮೇಲೆ ಬಂತು. ಹೋದ ವರ್ಷ ಕಾಫಿ ಕುಡಿಯುವಾಗ ಹಾಗೆ ಅಂದದ್ದು ಮೆಲ್ಲಕ್ಕನಿಗೇ ಮರೆತುಹೋಗಿತ್ತು.

ಅವನು ನೆಲಮಾಳಿಗೆಯಲ್ಲಿರಲಿಲ್ಲ. ಎಲ್ಲಿರುತ್ತಾನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ರೈಲ್ವೆ ವರದಿಗಳ ಸಾಲಿನಲ್ಲಿ, ಸ್ಟೂಲಿನ ಪಕ್ಕದ ನೆಲದ ಮೇಲೆ, ಕಾಲು ಚಾಚಿ ಕೂತಿದ್ದ. ಸ್ಟೂಲು ಖಾಲಿ ಬಿಟ್ಟಿದ್ದ. ಅವಳು ಬಂದು ಕೂತಳು.

"ಎಷ್ಟು ಉರೀತು?" ಎಂದ.

"ಏನು?"

"ಹೊಟ್ಟೆ."

"ಸ್ವಲ್ಪ."

"ರಸಾಯನಶಾಸ್ತ್ರದ ಸಾಲಲ್ಲೂ ಧೂಳು ಒರೆಸಿದೆ. ಸಂಗೀತದಲ್ಲೂ. ನಿಘಂಟಲ್ಲೂ. ಈಗಷ್ಟೇ ನೋಡ್ಕೊಂಡು ಬಂದೆ."

ಅವಳು ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ನಗು ಹೊರಬಂತು. ತನ್ನದೇ ನಗುವಿನ ಸದ್ದು ಅವಳಿಗೆ ಗುರುತು ಸಿಗಲಿಲ್ಲ.

"ಮೆಲ್ಲಗೆ," ಎಂದ ಅವನು.

ಅವಳು ಕೈ ಕೆಳಗಿಳಿಸಿ ಪಕ್ಕದ ಹಲಗೆಯತ್ತ ನೋಡಿದಳು.

"ಈ ಜಾಗ ನಿಮಗೆ ಹೇಗೆ ಗೊತ್ತು?" ಅವಳು ಕೇಳಿದಳು.

ಅವನು ಬೂಟಿನ ಲೇಸು ಎಳೆದು ಕಟ್ಟಿದ. "ಆ ವರ್ಷ ಒಂದಿನ ಯಾವುದೋ ಹಳೆ ವರದಿ ಹುಡುಕ್ಕೊಂಡು ಬಂದೆ. ನೀವು ಕತ್ತಲಲ್ಲಿ ಕೂತಿದ್ರಿ. ಏನು ಮಾತಾಡ್ಬೇಕು ಅಂತ ಗೊತ್ತಾಗ್ಲಿಲ್ಲ. ದೀಪ ಹಾಕಿ ಹೋದೆ. ಮಾರನೇ ದಿನಾನೂ ಬಂದು ನೋಡಿದೆ."

"ದಿನಾ ನೀವೇನಾ?"

"ನೆಲಮಾಳಿಗೆಯಿಂದ ಮೂರನೇ ಮಹಡಿ ಮೇಡಂ. ಲಿಫ್ಟ್ ಬೇರೆ ಕೆಟ್ಟಿತ್ತು."

ಅವಳು ಅವನನ್ನು ನೋಡಿದಳು. ಯಾರೋ ಹಾದುಹೋಗುವವರು ಎಂದುಕೊಂಡಿದ್ದಳು. ಈ ಸಾಲಿನಿಂದಾಚೆಗೆ ಹಾದುಹೋಗಲು ದಾರಿಯೇ ಇಲ್ಲ, ಗೋಡೆ. ಕಾಣೆಯಾದದ್ದನ್ನು ಹುಡುಕುವುದು ಹೇಗೆಂದು ಊರಿಗೆಲ್ಲ ಪಾಠ ಹೇಳುವವಳಿಗೆ ಅದು ಹೊಳೆದಿರಲಿಲ್ಲ.

"ಯಾಕೆ ಹೇಳಲಿಲ್ಲ?"

"ನೀವು ದುಃಖದಲ್ಲಿದ್ರಿ. ಆಮೇಲೆ ನೀವು ಏನೂ ಇಲ್ಲದ ಹಾಗಿದ್ರಿ. ಅಂಥೋರಿಗೆ ಏನು ಹೇಳೋದು?" ಅವನು ಎದುರಿನ ಶೆಲ್ಫಿಗೆ ಹೇಳುವವನಂತೆ ಹೇಳಿದ. "ಇವತ್ತು ಆ ಹಲಗೆ ನೋಡಿದಾಗ, ಇವರಿಗೆ ನನ್ನ ಮೇಲೆ ಸಿಟ್ಟು ಬಂದಿದೆ ಅಂತ ಗೊತ್ತಾಯ್ತಲ್ಲ, ಡೀನ್ ಎದುರಿಗೇ ಕುಣೀಬೇಕು ಅನ್ನಿಸ್ತು."

ಅವಳ ಒಳಗೆ ಎಲ್ಲೆಲ್ಲೂ ಚುಚ್ಚುತ್ತಿತ್ತು. ಉಜ್ಜಬಾರದು, ನಡೆಯಬೇಕು.

"ನಿನ್ನೆ ಆಕೆ ಪಾಸು ಅಂದಳಲ್ಲ," ಎಂದಳು. "ಇನ್ನು ಮೇಲೆ ಯಾರೂ ಹಾಗೆ ಕರೆಯಬಾರದು."

"ನೀವು?"

"ನಾನೂ ಕರೆಯಲ್ಲ. ಚೆನ್ನಾಗಿಲ್ಲ ಅದು. ನಾನು ಬೇರೆ ಏನಾದ್ರೂ ಯೋಚಿಸ್ತೀನಿ."

"ಯೋಚಿಸಿ. ನಾನೆಲ್ಲೂ ಹೋಗಲ್ಲ."

"ಮತ್ತೆ... ನಮ್ಮತ್ತೆ ನಿಮ್ಮನ್ನ ನೋಡ್ಬೇಕಂತೆ."

ಅವನು ನೆಟ್ಟಗೆ ಕೂತ. "ಅತ್ತೆನಾ? ಡೀ‌ನ್‌ಗಿಂತ ಕಷ್ಟನಾ?"

"ಡೀನ್ ನಂಬಿಬಿಟ್ರು. ಅವರು ನಂಬಲ್ಲ, ಕೂರಿಸಿಕೊಂಡು ಕೇಳ್ತಾರೆ."

ಅವನು ನಕ್ಕ, ಗಂಟಲು ಬಿಚ್ಚಿ. ಅವಳು ಮೆಲ್ಲಗೆ ಎನ್ನಲಿಲ್ಲ. ನೆಲದ ಮೇಲೆ ಊರಿದ್ದ ಅವನ ಎಡಗೈ ಅವಳ ಪಾದದ ಪಕ್ಕದಲ್ಲಿತ್ತು. ಬಗ್ಗಿ ಅದರ ಮೇಲೆ ತನ್ನ ಕೈಯಿಟ್ಟಳು. ಬೆಚ್ಚಗಿತ್ತು.

ಟೈಮರ್ ಕಿರ್ ಎನ್ನುವುದು ನಿಂತಿತು. ದೀಪ ಆರಿತು.

ಅವನು ಅಭ್ಯಾಸಬಲದಿಂದ ಏಳಲು ಹೋದ. ಅವಳು ಕೈ ಬಿಡಲಿಲ್ಲ.

"ಇರಿ," ಎಂದಳು. "ಈ ಸಲ ನಾನು ಹಚ್ತೀನಿ."

ಹಚ್ಚುತ್ತಾಳೆ. ಅವಸರವೇನೂ ಇರಲಿಲ್ಲ.